ಕೋಲುಮುಖ, ಎಣ್ಣೆಗೆಂಪು ಬಣ್ಣ, ಸಿಡುಬಿನ ಕಲೆ

ನಮ್ಮ ಊರಿನ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ನಡೆಯುವ ಉಪನ್ಯಾಸದಲ್ಲಿ ಆಡಿದ ಮಾತುಗಳಿವು. ಬರೆದು ಕೊಡಿ ಎಂದು ಗೆಳೆಯರು ಪಟ್ಟು ಹಿಡಿದರು. ಬಾಯಿಮಾತಿನಲ್ಲಿ ಮೂರು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಪತ್ರಿಕೆಗಳಲ್ಲಿ ಬರುತ್ತಿದ್ದ ‘ಕಾಣೆಯಾಗಿದ್ದಾರೆ’ ಎಂಬ ಪೊಲೀಸ್ ಪ್ರಕಟಣೆ ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಈಗಲೂ ಬರುತ್ತದೆ. ಅದರ ಭಾಷೆ ಐವತ್ತು ವರ್ಷಗಳಿಂದ ಬದಲಾಗಿಲ್ಲ: ಕೋಲುಮುಖ, ಎಣ್ಣೆಗೆಂಪು ಬಣ್ಣ, ಸಾಧಾರಣ ಮೈಕಟ್ಟು, ಮನೆಯಿಂದ ಹೋದಾಗ ನೀಲಿ ಅಂಗಿ ಧರಿಸಿದ್ದರು. ನಾನು ಹುಡುಗನಾಗಿದ್ದಾಗ ಈ ಸಾಲಿನಲ್ಲಿ ಇನ್ನೂ ಒಂದು ಮಾತು ಇರುತ್ತಿತ್ತು: ಮುಖದ ಮೇಲೆ ಸಿಡುಬಿನ ಕಲೆಗಳಿವೆ. ಕೋಲುಮುಖ ಉಳಿಯಿತು, ಎಣ್ಣೆಗೆಂಪು ಬಣ್ಣ ಉಳಿಯಿತು, ಸಿಡುಬಿನ ಕಲೆ ಮಾತ್ರ ಪ್ರಕಟಣೆಯಿಂದ ಕಳಚಿಕೊಂಡಿತು. ಯಾರೂ ಅದನ್ನು ಗಮನಿಸಲಿಲ್ಲ. ನಾನೂ ಗಮನಿಸಿದ್ದು ನಿವೃತ್ತನಾದ ಮೇಲೆಯೇ, ಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುವಷ್ಟು ಬಿಡುವು ಸಿಕ್ಕಾಗ.

ಹೋದ ತಿಂಗಳು ಇಲ್ಲಿ ಕುಳಿತಿದ್ದ ಒಬ್ಬ ಆಶಾ ಕಾರ್ಯಕರ್ತೆ ನನ್ನನ್ನು ಕೇಳಿದರು: “ಸರ್, ಸಿಡುಬು ಅಂದರೆ ಸೀತಾಳೆಯೇ ಜೋರಾಗಿ ಬರುವುದು, ಅಲ್ಲವೇ?” ಅಲ್ಲ. ಸಿಡುಬು ಎಂದರೆ ಈಗ ಜಗತ್ತಿನಿಂದ ತೊಲಗಿರುವ ಸ್ಮಾಲ್‌ಪಾಕ್ಸ್, ಸೀತಾಳೆ ಎಂದರೆ ಚಿಕನ್‌ಪಾಕ್ಸ್. ಇವತ್ತಿನ ಉಪನ್ಯಾಸ ಹುಟ್ಟಿದ್ದು ಆ ಪ್ರಶ್ನೆಯಿಂದ. ಅವರ ವಯಸ್ಸು ಮೂವತ್ತು ಇರಬಹುದು. ಅವರಿಗೆ ಗೊತ್ತಿಲ್ಲದಿರುವುದು ಸಹಜ ಮಾತ್ರವಲ್ಲ, ಸಂತೋಷದ ಸಂಗತಿ.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಚರ್ಮರೋಗದ ವೈದ್ಯನಾಗಿ ಮೂವತ್ತೈದು ವರ್ಷ ಕೆಲಸ ಮಾಡಿದವನು. ಆದರೆ ಹಾಸಿಗೆಯಲ್ಲಿ ಮಲಗಿದ್ದ ಸಿಡುಬು ರೋಗಿಯನ್ನು ಒಮ್ಮೆಯೂ ಕಂಡವನಲ್ಲ. ಭಾರತದ ಕೊನೆಯ ಪ್ರಕರಣ ಪತ್ತೆಯಾದದ್ದು 1975ರ ಮೇ ತಿಂಗಳಲ್ಲಿ, ಅಸ್ಸಾಮಿನ ಕರೀಂಗಂಜ್‌ನಲ್ಲಿ. ನಾನು ಆಗ ಇನ್ನೂ ವಿದ್ಯಾರ್ಥಿ. ನಮ್ಮ ಮೇಷ್ಟರುಗಳು ಕಂಡಿದ್ದರು. ಅವರು ಪಾಠ ಮಾಡುವಾಗ ಸಿಡುಬಿನ ವಿಷಯ ಬಂದರೆ ಪುಸ್ತಕ ಮುಚ್ಚಿಬಿಡುತ್ತಿದ್ದರು. ‘ಸಿಡುಬಿಗೂ ಸೀತಾಳೆಗೂ ಇರುವ ವ್ಯತ್ಯಾಸಗಳನ್ನು ಪಟ್ಟಿ ಮಾಡಿ’ ಎಂಬ ಪ್ರಶ್ನೆಯನ್ನು ತಲೆಮಾರುಗಟ್ಟಲೆ ವಿದ್ಯಾರ್ಥಿಗಳು ಉರು ಹೊಡೆದು ಬರೆದಿದ್ದಾರೆ. ನಾನೂ ಬರೆದೆ, ಒಳ್ಳೆಯ ಅಂಕವೂ ಬಂತು. ಆ ಪಟ್ಟಿಯೊಳಗೆ ಏನಿತ್ತು ಎಂಬುದು ಅರ್ಥವಾದದ್ದು ಬಹಳ ತಡವಾಗಿ.

ಹೆಸರುಗಳಿಂದ ಶುರುಮಾಡೋಣ. ಸಿಡುಬು, ಮೈಲಿ, ಅಮ್ಮ, ದೇವಿ. ಮನೆಯಲ್ಲಿ ಯಾರಿಗಾದರೂ ಬಂದರೆ ‘ರೋಗ ಬಂತು’ ಎನ್ನುವಂತಿರಲಿಲ್ಲ, ‘ಅಮ್ಮ ಬಂದಿದ್ದಾಳೆ’ ಎನ್ನಬೇಕು. ಬಾಗಿಲಿಗೆ ಬೇವಿನ ಸೊಪ್ಪು, ಮಲಗಿದವನ ಪಕ್ಕದಲ್ಲಿ ಬೇವಿನ ಸೊಪ್ಪು, ಒಗ್ಗರಣೆ ಹಾಕಕೂಡದು, ಹೊರಗಿನವರು ಒಳಗೆ ಬರಕೂಡದು. ಇದರಲ್ಲಿ ಹೊರಗಿನವರು ಬರಕೂಡದು ಎನ್ನುವುದು ಒಳ್ಳೆಯ ವೈದ್ಯಕೀಯ ಸಲಹೆಯೇ. ಒಗ್ಗರಣೆಯ ವಿಷಯ ನನಗೆ ಇಂದಿಗೂ ತಿಳಿಯದು. ಈ ಹೆಸರುಗಳಲ್ಲಿ ಕೆಲವು ಬೇರೆ ರೋಗಗಳಿಗೂ ಸಲ್ಲುತ್ತಿದ್ದವು. ಮೈಮೇಲೆ ಗುಳ್ಳೆ ಎದ್ದದ್ದೆಲ್ಲ ಅಮ್ಮನೇ. ಆದರೆ ಸೀತಾಳೆ ಸಿಡುಬು ಬೇರೆ, ದಡಾರ ಬೇರೆ, ಸಿಡುಬು ಬೇರೆ ಎಂದು ಮನೆಯ ಮುದುಕಿಯರು ನೋಡಿದೊಡನೆ ಹೇಳುತ್ತಿದ್ದರು. ಅವರು ಏನನ್ನು ನೋಡಿ ಹೇಳುತ್ತಿದ್ದರು? ಎರಡೇ ಸಂಗತಿ: ಎಲ್ಲಿ ಎದ್ದಿದೆ, ಎಷ್ಟನೆಯ ದಿನಕ್ಕೆ ಎದ್ದಿದೆ. ಸಿಡುಬು ಜಾಗ ಮತ್ತು ತಿಥಿ ಎರಡನ್ನೂ ಮೈಮೇಲೆ ಬರೆದು ತೋರಿಸುವ ಕಾಯಿಲೆ. ನಾನು ಇವತ್ತು ಆ ಬರಹವನ್ನು ಓದಿ ತೋರಿಸುತ್ತೇನೆ.

ವೈರಾಣು ಉಸಿರಿನ ದಾರಿಯಲ್ಲಿ ಒಳಗೆ ಹೋಗುತ್ತದೆ. ಆಮೇಲೆ ಸುಮಾರು ಹನ್ನೆರಡು ದಿನ ಏನೂ ಇಲ್ಲ. ಕೆಲವರಲ್ಲಿ ಏಳು ದಿನ, ಕೆಲವರಲ್ಲಿ ಹತ್ತೊಂಬತ್ತು. ಆ ಮನುಷ್ಯ ಹೊಲಕ್ಕೆ ಹೋಗುತ್ತಾನೆ, ಸಂತೆಗೆ ಹೋಗುತ್ತಾನೆ, ಮದುವೆಯಲ್ಲಿ ಉಂಡು ಬರುತ್ತಾನೆ. ಅವನಿಗೂ ತಿಳಿಯದು, ಅವನಿಂದ ಯಾರಿಗೂ ಅಂಟದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಜ್ವರ. ಮೆಲ್ಲಗೆ ಏರುವ ಜ್ವರವಲ್ಲ. ಬೆಳಿಗ್ಗೆ ಸರಿಯಾಗಿದ್ದವನು ಸಂಜೆಗೆ ಮಲಗಿಬಿಡುತ್ತಾನೆ. 101ರಿಂದ 104 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ. ತಲೆ ಸಿಡಿಯುವ ನೋವು, ನಡುಕ, ಕೆಲವರಿಗೆ ವಾಂತಿ, ಕೆಲವರಿಗೆ ಹೊಟ್ಟೆ ನುಲಿಯುವ ನೋವು. ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು, ದೊಡ್ಡವರು ಸನ್ನಿ ಹಿಡಿದವರಂತೆ ಮಾತನಾಡಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಬೆನ್ನುನೋವು. ಸೊಂಟ ಮುರಿದುಹೋಯಿತು ಎನ್ನುವಂಥ ಬೆನ್ನುನೋವು. ಸಾವಿರ ವರ್ಷಗಳಿಗೂ ಹಿಂದೆ ಪರ್ಷಿಯಾದ ವೈದ್ಯ ಅಲ್-ರಾಜಿ ಸಿಡುಬನ್ನೂ ದಡಾರವನ್ನೂ ಬೇರ್ಪಡಿಸಿ ಬರೆದಾಗ ಹಿಡಿದ ಗುರುತುಗಳಲ್ಲಿ ಇದೂ ಒಂದು: ಬೆನ್ನುನೋವು ಸಿಡುಬಿನಲ್ಲಿ ಹೆಚ್ಚು. ಮೈಮೇಲೆ ಇನ್ನೂ ಒಂದು ಚುಕ್ಕೆಯೂ ಇಲ್ಲದಾಗ ಆತ ಬೆನ್ನಿನ ಕಡೆ ಗಮನ ಕೊಟ್ಟದ್ದು ನನಗೆ ಬಹಳ ಇಷ್ಟವಾದ ವಿಷಯ.

ಈ ಎರಡು ಮೂರು ದಿನಗಳೇ ವೈದ್ಯರು ಮೋಸಹೋಗುತ್ತಿದ್ದ ದಿನಗಳು. ಬರೀ ಜ್ವರ ನೋಡಿ ಯಾರಿಗೆ ಏನು ಗೊತ್ತಾದೀತು? ಮಲೇರಿಯಾ ಎನ್ನಬಹುದು, ವಿಷಮಶೀತ ಜ್ವರ ಎನ್ನಬಹುದು, ಈಗಿನ ಕಾಲವಾಗಿದ್ದರೆ ಡೆಂಗಿ ಎನ್ನುತ್ತಿದ್ದೆವು.

ಮೂರನೆಯ ಅಥವಾ ನಾಲ್ಕನೆಯ ದಿನ ಬಾಯಿಯೊಳಗೆ, ನಾಲಿಗೆಯ ಮೇಲೆ, ಗಂಟಲಿನಲ್ಲಿ ಸಣ್ಣ ಕೆಂಪು ಚುಕ್ಕೆಗಳು ಏಳುತ್ತವೆ. ಬಾಯಿಯ ಒಳಚರ್ಮ ಮೆತ್ತಗಿರುವುದರಿಂದ ಅವು ಬೇಗನೆ ಒಡೆದು ಹುಣ್ಣಾಗುತ್ತವೆ, ಎಂಜಲಿನಲ್ಲಿ ವೈರಾಣು ತುಂಬಿಕೊಳ್ಳುತ್ತದೆ. ಕಾಯಿಲೆ ಇನ್ನೊಬ್ಬರಿಗೆ ದಾಟುವುದು ಮುಖ್ಯವಾಗಿ ಇಲ್ಲಿಂದ. ಜನರು ಹಕ್ಕಳೆಗೆ ಹೆದರುತ್ತಿದ್ದರು. ಹೆಚ್ಚು ಹೆದರಬೇಕಾದದ್ದು ಉಸಿರಿಗೆ ಮತ್ತು ಎಂಜಲಿಗೆ.

ಇದಾದ ಒಂದು ದಿನದೊಳಗೆ ಚರ್ಮದ ಮೇಲೆ ಏಳುತ್ತದೆ. ಮೊದಲು ಮುಖ, ಹಣೆ. ಆಮೇಲೆ ಮುಂದೋಳು, ಕೈ, ಮೈ, ಕೊನೆಗೆ ಕಾಲು. ಇಪ್ಪತ್ತನಾಲ್ಕು ಗಂಟೆಯಲ್ಲಿ ಇಡೀ ದೇಹ. ಆರಂಭದಲ್ಲಿ ಬರೀ ಕೆಂಪು ಚುಕ್ಕೆ, ಸೊಳ್ಳೆ ಕಚ್ಚಿದಷ್ಟು. ಇಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಚುಕ್ಕೆ ಎದ್ದೊಡನೆ ಜ್ವರ ಇಳಿಯುತ್ತದೆ. ರೋಗಿ ಎದ್ದು ಕೂರುತ್ತಾನೆ, ಗಂಜಿ ಕೇಳುತ್ತಾನೆ. ಮನೆಯವರು ‘ಅಮ್ಮ ಶಾಂತಳಾದಳು’ ಎಂದು ತಂಪು ಮಾಡುತ್ತಾರೆ. ಅದು ಎರಡು ಮೂರು ದಿನಗಳ ಬಿಡುವು ಅಷ್ಟೇ.

ದದ್ದು ಕಾಣಿಸಿದ ದಿನದಿಂದ ಎಣಿಸೋಣ. ಎರಡನೆಯ ದಿನಕ್ಕೆ ಚುಕ್ಕೆ ಗಂಟಾಗುತ್ತದೆ. ನಾಲ್ಕನೆಯ ದಿನಕ್ಕೆ ಅದರೊಳಗೆ ನೀರು ತುಂಬುತ್ತದೆ, ನೀರು ಕ್ರಮೇಣ ಮಸುಕಾಗುತ್ತದೆ, ಗುಳ್ಳೆಯ ನಡುವೆ ಹೊಕ್ಕುಳಿನಂಥ ಒಂದು ತಗ್ಗು ಕಾಣುತ್ತದೆ. ಆರು ಏಳನೆಯ ದಿನಕ್ಕೆ ಎಲ್ಲವೂ ಕೀವು. ಈಗ ಬೆರಳಿನಿಂದ ಮುಟ್ಟಿದರೆ ಚರ್ಮದೊಳಗೆ ಕೋವಿಯ ಚರೆಗಳನ್ನು ಹೂತಿಟ್ಟಂತೆ ಗಟ್ಟಿಯಾಗಿ ಸಿಗುತ್ತವೆ ಎಂದು ನಮ್ಮ ಮೇಷ್ಟರು ಹೇಳುತ್ತಿದ್ದರು. ಕೋವಿ ಕಾಣದ ಬಯಲುಸೀಮೆಯ ಹುಡುಗರಿಗೆ ‘ರವಿಕೆಯ ಬಟ್ಟೆಯ ಕೆಳಗೆ ತೊಗರಿ ಕಾಳು ಇಟ್ಟು ಸವರಿ ನೋಡಿ’ ಎನ್ನುತ್ತಿದ್ದರು. ಸೀತಾಳೆಯ ಗುಳ್ಳೆ ಚರ್ಮದ ಮೇಲೆ ಕುಳಿತ ನೀರಹನಿ, ಉಗುರು ತಾಗಿದರೆ ಒಡೆಯುತ್ತದೆ. ಸಿಡುಬಿನ ಗುಳ್ಳೆ ಬೇರು ಬಿಟ್ಟದ್ದು. ಸುಲಭಕ್ಕೆ ಒಡೆಯದು.

ಈ ಹೊತ್ತಿಗೆ ಜ್ವರ ಮತ್ತೆ ಏರಿರುತ್ತದೆ. ಮುಖ ಊದಿ ಕಣ್ಣು ಮುಚ್ಚಿಹೋಗಿರುತ್ತದೆ. ಗಂಟಲಿನ ಹುಣ್ಣಿನಿಂದ ನೀರು ನುಂಗಲಾಗದು. ಕೋಣೆಯಲ್ಲಿ ಒಂದು ವಾಸನೆ. ಅದನ್ನು ಬಲ್ಲವರು ಬಾಗಿಲಲ್ಲೇ ನಿಂತು ‘ಸಿಡುಬು’ ಎನ್ನುತ್ತಿದ್ದರಂತೆ. ಯಾವುದರ ಹಾಗೆ ಇರುತ್ತಿತ್ತು ಎಂದು ನಾನು ಕೇಳಿದಾಗ ನಮ್ಮ ಮೇಷ್ಟರು ಸ್ವಲ್ಪ ಹೊತ್ತು ಯೋಚಿಸಿ, “ಬೇರೆ ಯಾವುದರ ಹಾಗೂ ಇರುತ್ತಿರಲಿಲ್ಲ” ಎಂದರು. ಸಾಯುವವರು ಸಾಮಾನ್ಯವಾಗಿ ಸಾಯುತ್ತಿದ್ದದ್ದು ಕಾಯಿಲೆಯ ಎರಡನೆಯ ವಾರದಲ್ಲಿ. ಲಸಿಕೆ ಇಲ್ಲದವರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ. ಸಿಡುಬಿನಲ್ಲೇ ಸೌಮ್ಯವಾದ ಇನ್ನೊಂದು ತಳಿಯೂ ಇತ್ತು, ಅದರಲ್ಲಿ ನೂರಕ್ಕೆ ಒಬ್ಬರು ಸತ್ತರೆ ಹೆಚ್ಚು. ಆದರೆ ನಮ್ಮ ದೇಶವನ್ನು ಕಾಡಿದ್ದು ಮೊದಲನೆಯದು.

ಬದುಕಿದವರಲ್ಲಿ ಎರಡನೆಯ ವಾರದ ಕೊನೆಗೆ ಗುಳ್ಳೆಗಳು ಬಾಡಿ ಹಕ್ಕಳೆ ಕಟ್ಟುತ್ತವೆ, ಮೂರನೆಯ ವಾರದಲ್ಲಿ ಉದುರುತ್ತವೆ. ಕೊನೆಯ ಹಕ್ಕಳೆ ಉದುರುವವರೆಗೂ ರೋಗಿಯನ್ನು ಬೇರೆ ಇಡಬೇಕು. ಈ ಕೊನೆಯ ಹಕ್ಕಳೆ ಎಲ್ಲಿರುತ್ತಿತ್ತು ಗೊತ್ತೇ? ಅಂಗೈಯಲ್ಲಿ ಮತ್ತು ಅಂಗಾಲಿನಲ್ಲಿ. ಅಲ್ಲಿನ ಚರ್ಮ ದಪ್ಪ. ಗುಳ್ಳೆ ಮೇಲಕ್ಕೆ ಬರಲಾರದೆ ಒಳಗೇ ಒಣಗಿ ಕಂದು ಬಣ್ಣದ ಬೀಜದಂತೆ ಉಳಿದುಬಿಡುತ್ತಿತ್ತು. ಬರಿಗಾಲಲ್ಲಿ ಓಡಾಡಿದ ರೈತನ ಅಂಗಾಲಿನಲ್ಲಂತೂ ವಾರಗಟ್ಟಲೆ. ಆಸ್ಪತ್ರೆಯಲ್ಲಿ ಅದನ್ನು ಸೂಜಿಯಿಂದ ಬಿಡಿಸಿ ತೆಗೆದು ಮನೆಗೆ ಕಳುಹಿಸುತ್ತಿದ್ದರು. ಮುಳ್ಳು ತೆಗೆದ ಹಾಗೆ.

ಅಂಗೈ ಅಂಗಾಲಿನ ಮಾತು ಬಂದದ್ದರಿಂದ ಆಶಾ ಕಾರ್ಯಕರ್ತೆಯವರ ಪ್ರಶ್ನೆಗೆ ಬರುತ್ತೇನೆ. ಸಿಡುಬು ಮುಖ, ಮುಂದೋಳು, ಅಂಗೈ, ಕಾಲು, ಅಂಗಾಲುಗಳಲ್ಲಿ ದಟ್ಟ. ಎದೆ ಹೊಟ್ಟೆಗಳಲ್ಲಿ ವಿರಳ. ಕಂಕುಳಲ್ಲಿ ಇನ್ನೂ ವಿರಳ. ಸೀತಾಳೆ ಅದರ ತಿರುವುಮುರುವು: ಎದೆ ಬೆನ್ನುಗಳಲ್ಲಿ ದಟ್ಟ, ಕೈಕಾಲಿಗೆ ಹೋದಂತೆ ಕಡಿಮೆ, ಅಂಗೈಯಲ್ಲಿ ಅಪರೂಪ. ಇದು ಜಾಗದ ಲೆಕ್ಕ. ಇನ್ನು ತಿಥಿಯ ಲೆಕ್ಕ. ಸಿಡುಬಿನಲ್ಲಿ ಒಂದು ತೋಳನ್ನು ನೋಡಿದರೆ ಅಲ್ಲಿರುವ ಗುಳ್ಳೆಗಳೆಲ್ಲ ಒಂದೇ ವಯಸ್ಸಿನವು, ಒಂದೇ ದಿನ ಬಿತ್ತಿದ ಪೈರಿನ ಹಾಗೆ. ಸೀತಾಳೆ ಕಂತು ಕಂತಾಗಿ ಏಳುತ್ತದೆ. ಅಂಗೈ ಅಗಲದ ಜಾಗದಲ್ಲಿ ಚುಕ್ಕೆಯೂ ಇರುತ್ತದೆ, ನೀರುಗುಳ್ಳೆಯೂ ಇರುತ್ತದೆ, ಹಕ್ಕಳೆಯೂ ಇರುತ್ತದೆ. ಅಜ್ಜ, ಅಪ್ಪ, ಮೊಮ್ಮಗ ಒಂದೇ ಮನೆಯಲ್ಲಿ ಇದ್ದಂತೆ. ಸೀತಾಳೆಯಲ್ಲಿ ಮಕ್ಕಳಿಗೆ ಜ್ವರವೂ ಗುಳ್ಳೆಯೂ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತವೆ. ಸಿಡುಬಿನಲ್ಲಿ ಜ್ವರ ಮುಂದೆ, ಗುಳ್ಳೆ ಮೂರು ದಿನ ಹಿಂದೆ. ಇವೆರಡೂ ಅಕ್ಕತಂಗಿಯರಲ್ಲ, ದೂರದ ನೆಂಟರೂ ಅಲ್ಲ. ಸೀತಾಳೆಯ ವೈರಾಣು ಬೇರೆಯೇ ಕುಲದ್ದು, ಸರ್ಪಸುತ್ತು ತರುವುದೂ ಅದೇ.

ಇಷ್ಟೆಲ್ಲ ಹೇಳಿದ್ದು ಸಾಮಾನ್ಯ ಸಿಡುಬಿನ ವಿಷಯ. ಸಾಮಾನ್ಯವಲ್ಲದ್ದೂ ಇತ್ತು. ಅದನ್ನು ತಿಳಿಯಬೇಕಾದರೆ ಮದರಾಸಿಗೆ ಹೋಗಬೇಕು. ಅಲ್ಲಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಡಾ. ಎ. ಆರ್. ರಾವ್ ಎಂಬ ವೈದ್ಯರಿದ್ದರು. ಅವರು ಮತ್ತು ಅವರ ಸಂಗಡಿಗರು ಸಾವಿರಾರು ಸಿಡುಬು ರೋಗಿಗಳನ್ನು ದಿನದಿನವೂ ನೋಡಿ ದಾಖಲಿಸಿದರು. 6,942 ರೋಗಿಗಳ ಲೆಕ್ಕ ಇಂದಿಗೂ ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿದೆ. ಔಷಧವಿಲ್ಲದ ಕಾಯಿಲೆ. ವೈದ್ಯನ ಕೈಯಲ್ಲಿ ಇದ್ದದ್ದು ನೋಡುವುದು, ಬರೆದಿಡುವುದು, ನೀರು ಕುಡಿಸುವುದು. ನೋಡುವುದನ್ನು ಅವರು ಎಷ್ಟು ಚೆನ್ನಾಗಿ ಮಾಡಿದರೆಂದರೆ ವಿಶ್ವ ಆರೋಗ್ಯ ಸಂಸ್ಥೆ 1972ರಲ್ಲಿ ಅವರ ವಿಂಗಡಣೆಯನ್ನೇ ಸ್ವೀಕರಿಸಿತು.

ಆ ವಿಂಗಡಣೆ ಹೀಗಿದೆ. ಗುಳ್ಳೆಗಳ ನಡುವೆ ಸರಿಯಾದ ಚರ್ಮ ಉಳಿದಿದ್ದರೆ ರೋಗಿ ಉಳಿಯುವ ಆಸೆ ಹೆಚ್ಚು. ಲಸಿಕೆ ಹಾಕಿಸಿಕೊಳ್ಳದವರಲ್ಲಿ ಕೂಡ ಇಂಥವರಲ್ಲಿ ಸತ್ತವರು ನೂರಕ್ಕೆ ಒಂಬತ್ತು. ಮುಖದ ಗುಳ್ಳೆಗಳೂ ಮುಂದೋಳಿನ ಗುಳ್ಳೆಗಳೂ ಒಂದಕ್ಕೊಂದು ಕೂಡಿಕೊಂಡು ಒಂದೇ ಹಾಳೆಯಾಗಿದ್ದರೆ ನೂರಕ್ಕೆ ಅರವತ್ತೆರಡು. ಲಸಿಕೆ ಹಾಕಿಸಿಕೊಂಡ ಮೇಲೂ ಸಿಡುಬು ಬಂದವರಲ್ಲಿ ಹಲವರಿಗೆ ಗುಳ್ಳೆಗಳು ಎಣಿಸುವಷ್ಟೇ ಇರುತ್ತಿದ್ದವು, ಬೇಗ ಒಣಗುತ್ತಿದ್ದವು. ಇನ್ನೆರಡು ಬಗೆಗಳು ಭೀಕರ. ಒಂದರಲ್ಲಿ ಗುಳ್ಳೆ ಉಬ್ಬುವುದೇ ಇಲ್ಲ. ಚರ್ಮದ ಮಟ್ಟಕ್ಕೇ ಚಪ್ಪಟೆಯಾಗಿ, ಮುಟ್ಟಿದರೆ ಮಖಮಲ್ಲಿನಂತೆ ಮೆತ್ತಗೆ. ಇದು ಹೆಚ್ಚಾಗಿ ಮಕ್ಕಳಿಗೆ. ಇನ್ನೊಂದರಲ್ಲಿ ಗುಳ್ಳೆ ಏಳುವ ಮೊದಲೇ ಚರ್ಮದೊಳಗೆ, ಕಣ್ಣಿನ ಬಿಳಿಯಲ್ಲಿ, ವಸಡಿನಲ್ಲಿ ರಕ್ತ. ಇದು ದೊಡ್ಡವರಿಗೆ, ಅದರಲ್ಲೂ ಗರ್ಭಿಣಿಯರಿಗೆ. ಲಸಿಕೆ ಇಲ್ಲದವರಲ್ಲಿ ಈ ಎರಡರಲ್ಲೂ ಬದುಕಿದವರು ನೂರಕ್ಕೆ ಮೂರೋ ನಾಲ್ಕೋ. ರಕ್ತಸ್ರಾವದ ಬಗೆಯಲ್ಲಿ ರೋಗಿ ಒಂದು ವಾರದೊಳಗೆ, ಸಿಡುಬು ಎಂಬ ಗುರುತೇ ಮೈಮೇಲೆ ಮೂಡದೆ ಹೋಗಿಬಿಡುತ್ತಿದ್ದ. ಬರೆಯುವ ಮೊದಲೇ ಹಾಳೆ ಹರಿದುಹೋದಂತೆ. ಅಂಥ ಒಬ್ಬ ರೋಗಿಯನ್ನು ಬೇರೆ ಕಾಯಿಲೆಯೆಂದು ಸಾಮಾನ್ಯ ವಾರ್ಡಿನಲ್ಲಿ ಮಲಗಿಸಿದರೆ ಇಡೀ ವಾರ್ಡಿಗೆ ಹಬ್ಬುತ್ತಿತ್ತು.

ಕಲೆಯ ವಿಷಯ. ಬದುಕುಳಿದವರಲ್ಲಿ ಬಹುಪಾಲು ಜನರಿಗೆ ಕಲೆ ಉಳಿಯುತ್ತಿತ್ತು, ಅದರಲ್ಲೂ ಮುಖದಲ್ಲಿ. ಕಾರಣ, ಮುಖದ ಚರ್ಮದಲ್ಲಿ ಜಿಡ್ಡಿನ ಗ್ರಂಥಿಗಳು ಹೆಚ್ಚು. ಸಿಡುಬು ಆ ಗ್ರಂಥಿಗಳನ್ನು ನಾಶಮಾಡುತ್ತಿತ್ತು, ಅವಿದ್ದ ಜಾಗ ಗುಳಿಬೀಳುತ್ತಿತ್ತು. ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾದರೆ ಕುರುಡು. ಕೆಲವು ಮಕ್ಕಳಿಗೆ ಮೊಣಕೈ ಕೀಲು ಊದಿ, ಮೂಳೆಗೆ ಹತ್ತಿ, ತೋಳು ಸೊಟ್ಟಗಾಗಿ ಉಳಿಯುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಬಳಿ ಒಬ್ಬ ಅಜ್ಜಿ ಬರುತ್ತಿದ್ದರು, ಬೇರೆ ಯಾವುದೋ ಕಜ್ಜಿಗೆ. ಮುಖ ತುಂಬ ಗುಳಿ, ಮುಂದೋಳಿನಲ್ಲಿ ಅಷ್ಟಿಷ್ಟು, ಬೆನ್ನು ಮಾತ್ರ ನುಣುಪು. ನಾನು ಬೆನ್ನು ನೋಡುತ್ತಿರುವುದನ್ನು ಗಮನಿಸಿ ಅವರು, “ಅಲ್ಲಿ ಏನೂ ಇಲ್ಲಪ್ಪ, ಅಮ್ಮ ಮುಖಕ್ಕೇ ಮುತ್ತಿಟ್ಟಳು” ಎಂದರು. ಉರು ಹೊಡೆದು ಬರೆದಿದ್ದ ಆ ಪಟ್ಟಿ ನನಗೆ ಅರ್ಥವಾದದ್ದು ಅವತ್ತು. ನಲವತ್ತು ವರ್ಷಗಳ ಹಿಂದೆ ಎದ್ದ ಗುಳ್ಳೆಗಳ ನಕ್ಷೆಯನ್ನು ಅವರು ಇನ್ನೂ ಮೈಮೇಲೆ ಹೊತ್ತಿದ್ದರು.

ನಮ್ಮ ಮೈಸೂರಿಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಬ್ರಿಟನ್ನಿನಲ್ಲಿ ಎಡ್ವರ್ಡ್ ಜೆನ್ನರ್ ಸಿಡುಬನ್ನು ತಡೆಯಲು ಗೋಸಿಡುಬಿನ, ಅಂದರೆ ಹಸುಗಳಿಗೆ ಬರುವ ಸಿಡುಬಿನ, ಲಸಿಕೆಯನ್ನು ತೋರಿಸಿಕೊಟ್ಟದ್ದು 1796ರಲ್ಲಿ. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಮೂರು ವರ್ಷದ ಅನ್ನಾ ಡಸ್ಟ್‌ಹಾಲ್ ಎಂಬ ಮಗುವಿಗೆ ಅದನ್ನು ಹಾಕಿದರು; ಭಾರತದಲ್ಲಿ ಅದೇ ಮೊದಲು. ಆಮೇಲೆ ಮೈಸೂರು ಸೀಮೆಯಲ್ಲಿ ಅಬ್ಬೆ ದುಬುವಾ ಎಂಬ ಫ್ರೆಂಚ್ ಪಾದ್ರಿ ಊರೂರು ತಿರುಗಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ ದಾಖಲೆಯಿದೆ. 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೈಸೂರಿನ ಅರಮನೆಯ ಮೂವರು ಸ್ತ್ರೀಯರ ಚಿತ್ರ ಬರೆದ. ಬಲಗಡೆ ಇರುವ ಕಿರಿಯ ರಾಣಿ ಸೆರಗು ಸರಿಸಿ ಎಡತೋಳನ್ನು ತೋರಿಸುತ್ತಿರುವುದು ಲಸಿಕೆಯ ಜಾಗವನ್ನು. ಎಡಗಡೆಯವರ ಬಾಯಿ ಮೂಗುಗಳ ಸುತ್ತ ಇರುವ ಬಿಳುಪು ಲಸಿಕೆಗೂ ಮುಂಚಿನ ಹಳೆಯ ಪದ್ಧತಿಯಂತೆ, ಕಾಯಿಲೆ ಸೌಮ್ಯವಾಗಿ ಬಂದುಹೋಗಲಿ ಎಂದು, ಸಿಡುಬಿನ ಹಕ್ಕಳೆಯನ್ನೇ ಮೂಗಿಗೆ ಏರಿಸಿಕೊಂಡದ್ದರ ಗುರುತು ಎಂದು ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರು ವಾದಿಸಿದ್ದಾರೆ. ತೋಳಿನ ಮಾತು ಇರಬಹುದು. ಬಿಳುಪಿನ ಮಾತಿಗೆ ಚರ್ಮವೈದ್ಯನಾಗಿ ನನ್ನದೊಂದು ತಕರಾರಿದೆ. ಬಾಯಿಯ ಸುತ್ತ ಬಿಳುಪಾಗುವುದಕ್ಕೆ ತೊನ್ನು ಬಹಳ ಸಾಮಾನ್ಯ ಕಾರಣ. ಭಾರತದಲ್ಲಿ ಹಳೆಯ ಪದ್ಧತಿಯವರು ಸಾಮಾನ್ಯವಾಗಿ ತೋಳಿನ ಚರ್ಮವನ್ನೇ ಗೀರುತ್ತಿದ್ದರು. ಮೂಗಿಗೆ ಏರಿಸುವುದು ಚೀನಾದ ರೂಢಿ. ಇನ್ನೂರು ವರ್ಷದ ಹಿಂದಿನ ಬಣ್ಣದ ಮೇಲೆ ರೋಗನಿರ್ಣಯ ಮಾಡಲು ನನಗೆ ಧೈರ್ಯ ಸಾಲದು.

ಈಗ ನೆನಪಿಟ್ಟುಕೊಳ್ಳಿ ಎಂದಿದ್ದ ಮಾತಿಗೆ ಬರೋಣ. ಸಿಡುಬು ಹರಡುವ ಹೊತ್ತಿಗೆ ಕಾಣುತ್ತಿತ್ತು. ಕಾಣದ ಹನ್ನೆರಡು ದಿನಗಳಲ್ಲಿ ಹರಡುತ್ತಿರಲಿಲ್ಲ. ಹರಡುವ ದಿನ ಬಂದಾಗ ರೋಗಿ ಹಾಸಿಗೆ ಹಿಡಿದಿರುತ್ತಿದ್ದ, ಮುಖದ ಮೇಲೆಯೇ ಬರೆದುಕೊಂಡಿರುತ್ತಿತ್ತು. ಕೊರೊನಾ ಹೀಗಿರಲಿಲ್ಲ. ಕೆಮ್ಮದವನೂ ಅಂಟಿಸುತ್ತಿದ್ದ, ಆದ್ದರಿಂದ ಎಲ್ಲರ ಮೂಗಿಗೂ ಕಡ್ಡಿ ಹಾಕಬೇಕಾಯಿತು. ಸಿಡುಬನ್ನು ಪತ್ತೆಮಾಡಲು ಕಡ್ಡಿ ಬೇಕಿರಲಿಲ್ಲ, ಒಂದು ಚಿತ್ರ ಸಾಕಿತ್ತು.

ನಿಜವಾಗಿ ಒಂದು ಚಿತ್ರವೇ. 1973ರಿಂದ ಉತ್ತರ ಭಾರತದ ಹಳ್ಳಿಗಳಲ್ಲಿ ಮನೆಮನೆ ಹುಡುಕಾಟ ಶುರುವಾದಾಗ ಕಾರ್ಯಕರ್ತರ ಕೈಯಲ್ಲಿ ಒಂದು ಕಾರ್ಡ್ ಇರುತ್ತಿತ್ತು. ಅದರ ಮೇಲೆ ಸಿಡುಬು ಎದ್ದ ಒಂದು ಮಗುವಿನ ಫೋಟೋ. ಸಂತೆಯಲ್ಲಿ, ಶಾಲೆಯಲ್ಲಿ, ಚಹಾದಂಗಡಿಯಲ್ಲಿ ಅದನ್ನು ಹಿಡಿದು, “ಇಂಥದ್ದನ್ನು ಎಲ್ಲಾದರೂ ಕಂಡಿರಾ?” ಎಂದು ಕೇಳುವುದು. ಓದು ಬಾರದವರೂ ಹೇಳುತ್ತಿದ್ದರು. ಶಾಲೆಯ ಮಕ್ಕಳಂತೂ ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಯಾವ ಮನೆಯಲ್ಲಿ ಏನು ಬಚ್ಚಿಟ್ಟಿದ್ದಾರೆ ಎಂಬುದು ಮಕ್ಕಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ರೋಗಿ ಸಿಕ್ಕರೆ ಅವನನ್ನು ಬೇರೆ ಇಟ್ಟು ಸುತ್ತಲಿನವರಿಗೆಲ್ಲ ಲಸಿಕೆ. 1974ರಲ್ಲಿ ಭಾರತದಲ್ಲಿ ದಾಖಲಾದ ಪ್ರಕರಣಗಳು 1 ಲಕ್ಷ 88 ಸಾವಿರ. ಅದರಲ್ಲಿ ಬಿಹಾರದ ಪಾಲೇ ದೊಡ್ಡದು. ಮರುವರ್ಷದ ಮೇ ಕಳೆಯುವಷ್ಟರಲ್ಲಿ ಒಂದೂ ಇಲ್ಲ. ಹೊಸ ಪ್ರಕರಣ ತೋರಿಸಿದವರಿಗೆ ಸಾವಿರ ರೂಪಾಯಿ ಬಹುಮಾನ ಎಂದು ಸಾರಿದರೂ ಇಲ್ಲ.

ಗಂಭೀರ ಬಗೆಯ ಸಿಡುಬು ಸಹಜವಾಗಿ ಬಂದ ಕೊನೆಯ ರೋಗಿ ಬಾಂಗ್ಲಾದೇಶದ ಭೋಲಾ ದ್ವೀಪದ ರಹೀಮಾ ಬಾನು ಎಂಬ ಪುಟ್ಟ ಮಗು. 1975ರ ಅಕ್ಟೋಬರ್. ಸುದ್ದಿ ಕೊಟ್ಟದ್ದು ಎಂಟು ವರ್ಷದ ಒಬ್ಬ ಹುಡುಗಿ, ಅವಳಿಗೆ 250 ಟಾಕಾ ಬಹುಮಾನ ಸಿಕ್ಕಿತು. ಸೌಮ್ಯ ಬಗೆಯದರ ಕೊನೆಯ ರೋಗಿ ಸೊಮಾಲಿಯಾದ ಮೆರ್ಕಾ ಪಟ್ಟಣದ ಅಲಿ ಮಾವ್ ಮಾಲಿನ್. ಇವನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಾನು ಇಷ್ಟು ಹೊತ್ತು ಹೇಳಿದ ಲಕ್ಷಣಗಳೆಲ್ಲ ಅಲ್ಲಿ ವರಸೆಯಾಗಿ ಬರುತ್ತವೆ.

ಅವನು ಆಸ್ಪತ್ರೆಯ ಅಡುಗೆಯವನು, 23 ವರ್ಷ. 1977ರ ಅಕ್ಟೋಬರ್ 12ರಂದು ಸಿಡುಬಿನ ಇಬ್ಬರು ಮಕ್ಕಳನ್ನು ಹೊತ್ತ ವಾಹನವೊಂದು ಬಂತು. ಚಾಲಕನಿಗೆ ದಾರಿ ಗೊತ್ತಿರಲಿಲ್ಲ. ಮಾಲಿನ್ ದಾರಿ ತೋರಿಸಲು ಹತ್ತಿ ಕುಳಿತ. ಕೆಲವೇ ನಿಮಿಷಗಳ ಪ್ರಯಾಣ. ಹತ್ತು ದಿನ ಏನೂ ಇಲ್ಲ. 22ರಂದು ಜ್ವರ, ತಲೆನೋವು. ಮಲೇರಿಯಾ ಎಂದು ಔಷಧ ಕೊಟ್ಟರು. 26ರಂದು ದದ್ದು. ಆಸ್ಪತ್ರೆಯಲ್ಲಿ ಕೆಲಸ ಮಾಡುವವನಲ್ಲವೇ, ಲಸಿಕೆ ಹಾಕಿಸಿಕೊಂಡೇ ಇರುತ್ತಾನೆ ಎಂದುಕೊಂಡು ಸೀತಾಳೆ ಎಂದು ಬರೆದು ಮನೆಗೆ ಕಳುಹಿಸಿದರು. ಅವನು ಹಾಕಿಸಿಕೊಂಡಿರಲಿಲ್ಲ. ನೋವಾಗುತ್ತದೆ ಎಂಬ ಹೆದರಿಕೆ! ನಮ್ಮ ಶಾಲೆಗೆ ದಾಕು ಹಾಕುವವರು ಬಂದಾಗ ಕಿಟಕಿ ಹಾರಿ ಓಡುತ್ತಿದ್ದ ಹುಡುಗರ ಜಾತಿಯೇ. ನಾನೂ ಒಮ್ಮೆ ಹಾರಿದವನು. ಕೊನೆಗೆ ಪರಿಚಯದ ನರ್ಸ್ ಒಬ್ಬರು 30ರಂದು ಸುದ್ದಿ ಮುಟ್ಟಿಸಿದರು. ಆ ಪಟ್ಟಣದಲ್ಲಿ ಎರಡು ವಾರಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದರು. ಮಾಲಿನ್‌ನಿಂದ ಯಾರಿಗೂ ಹರಡಲಿಲ್ಲ. ಅವನು ಬದುಕಿದ, ಮುಂದೆ ಪೋಲಿಯೊ ಲಸಿಕೆಯ ಕೆಲಸಕ್ಕೆ ಸೇರಿ ಮನೆಮನೆಗೆ ಹೋಗಿ ತಾನು ಲಸಿಕೆ ತಪ್ಪಿಸಿಕೊಂಡು ಪಟ್ಟ ಪಾಡನ್ನು ಹೇಳುತ್ತಿದ್ದ. 2013ರಲ್ಲಿ ತೀರಿಕೊಂಡ. ಈ ಸಲ ನಿಜವಾಗಿಯೂ ಮಲೇರಿಯಾ.

ಮರುವರ್ಷ, 1978ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ವೈದ್ಯಕೀಯ ಛಾಯಾಗ್ರಾಹಕಿ ಜಾನೆಟ್ ಪಾರ್ಕರ್ ಕಾಯಿಲೆ ಬಿದ್ದರು. ಅವರು ಕೆಲಸ ಮಾಡುತ್ತಿದ್ದ ಕಟ್ಟಡದಲ್ಲಿ ಸಿಡುಬಿನ ವೈರಾಣುವಿನ ಪ್ರಯೋಗಾಲಯವಿತ್ತು. ಅಲ್ಲಿಯೂ ಮೊದಲು ಹೇಳಿದ್ದು ಸೀತಾಳೆ ಎಂದೇ. ಒಪ್ಪದೆ ಹೋದದ್ದು ಅವರ ತಾಯಿ. ಮಗಳಿಗೆ ಚಿಕ್ಕಂದಿನಲ್ಲಿ ಸೀತಾಳೆ ಬಂದಾಗ ಆರೈಕೆ ಮಾಡಿದವರು, ಇದು ಅದಲ್ಲ ಎಂದರು. ವೈದ್ಯರ ಕಣ್ಣಿಗೆ ಬೀಳದ್ದು ತಾಯಿಯ ಕಣ್ಣಿಗೆ ಬಿದ್ದಿತ್ತು. ಸೆಪ್ಟೆಂಬರ್ 11ರಂದು ಜಾನೆಟ್ ತೀರಿಕೊಂಡರು. ಸಿಡುಬಿನಿಂದ ಸತ್ತ ಕೊನೆಯ ವ್ಯಕ್ತಿ ಅವರೇ. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ಸಿಡುಬು ತೊಲಗಿತು ಎಂದು ಘೋಷಿಸಿತು.

ಪ್ರಶ್ನೆಗಳು ಬಹಳ ಬಂದವು. “ನನ್ನ ಎಡತೋಳಿನ ಮೇಲಿರುವ ಗುರುತು ಸಿಡುಬಿನ ಲಸಿಕೆಯದೇ?” ಎಂದು ಒಬ್ಬ ಯುವಕ ಕೇಳಿದರು. ಹುಟ್ಟಿದ ವರ್ಷ 1990 ಎಂದರು. ಹಾಗಾದರೆ ಅಲ್ಲ, ಅದು ಕ್ಷಯರೋಗದ ಬಿಸಿಜಿ ಲಸಿಕೆಯದು. ನಮ್ಮ ಕಾಲದವರದು ದೊಡ್ಡ ನಾಣ್ಯದಂಥ ಗುರುತು, ಸಾಮಾನ್ಯವಾಗಿ ಎರಡು. ಹಲ್ಲಿನ ಚಕ್ರದಂಥ ಒಂದು ಸಾಧನವನ್ನು ಚರ್ಮಕ್ಕೆ ಒತ್ತಿ ತಿರುಗಿಸುತ್ತಿದ್ದರು. ಕಿಟಕಿ ಹಾರಿದ್ದು ಸುಮ್ಮನೆ ಅಲ್ಲ.

ನಿವೃತ್ತ ಮೇಷ್ಟರೊಬ್ಬರು, ಇಷ್ಟು ಸುಲಭವಾಗಿ ಕಾಣುವ ಕಾಯಿಲೆಯನ್ನು ಓಡಿಸಲು ಅಷ್ಟು ಕಾಲ ಏಕೆ ಬೇಕಾಯಿತು ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಮನೆಯವರು ಕಂಡದ್ದನ್ನು ಹೇಳುತ್ತಿರಲಿಲ್ಲ, ಕೆಳಗಿನ ನೌಕರರು ಬರೆಯುತ್ತಿರಲಿಲ್ಲ. ಪ್ರಕರಣ ಹೆಚ್ಚು ತೋರಿಸಿದರೆ ಮೇಲಿನವರಿಂದ ಬೈಗುಳ, ಕಡಿಮೆ ತೋರಿಸಿದರೆ ನೆಮ್ಮದಿ. ಕಾರ್ಡ್ ಹಿಡಿದು ಹುಡುಕಾಟ ಶುರುವಾದ ಮೊದಲ ತಿಂಗಳುಗಳಲ್ಲಿ ಸಂಖ್ಯೆ ಒಮ್ಮೆಲೇ ಏರಿದ್ದು ರೋಗ ಹೆಚ್ಚಿದ್ದರಿಂದ ಮಾತ್ರವಲ್ಲ. ಅಷ್ಟು ದಿನ ಮುಚ್ಚಿಟ್ಟದ್ದು ಲೆಕ್ಕಕ್ಕೆ ಬಂದದ್ದರಿಂದಲೂ.

ಕೊನೆಯ ಪ್ರಶ್ನೆ ಮತ್ತೆ ಆಶಾ ಕಾರ್ಯಕರ್ತೆಯವರದೇ. ಈಗ ಅಂಗೈಯಲ್ಲಿ ಗುಳ್ಳೆ ಎದ್ದ ರೋಗಿ ಸಿಕ್ಕರೆ ಏನು ಮಾಡಬೇಕು? ಮೊದಲು ಚಿಕ್ಕ ಮಕ್ಕಳ ಕೈ, ಕಾಲು, ಬಾಯಿಯ ಜ್ವರವನ್ನು ನೆನೆಯಿರಿ. ಮಳೆಗಾಲದಲ್ಲಿ ಅಂಗನವಾಡಿಗಳಲ್ಲಿ ನೀವು ನೋಡಿಯೇ ಇರುತ್ತೀರಿ, ವಾರದಲ್ಲಿ ತಾನಾಗಿ ಹೋಗುತ್ತದೆ. ದೊಡ್ಡವರಾದರೆ ಎಂಪಾಕ್ಸ್, ಹಿಂದೆ ಮಂಕಿಪಾಕ್ಸ್ ಎನ್ನುತ್ತಿದ್ದದ್ದು, ಇರಬಹುದು. ಅದರ ಗುಳ್ಳೆ ಸಿಡುಬಿನದಕ್ಕೆ ಬಹಳ ಹತ್ತಿರ, ಅದು ಸಿಡುಬಿನ ಕುಲದ್ದೇ ವೈರಾಣು. ಆದರೆ ಅದರಲ್ಲಿ ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ದುಗ್ಧರಸ ಗ್ರಂಥಿಗಳು (ಲಿಂಫ್ ಗಂಟುಗಳು) ಸಾಮಾನ್ಯವಾಗಿ ಊದಿಕೊಳ್ಳುತ್ತವೆ, ಸಿಡುಬಿನಲ್ಲಿ ಅದು ಮುಖ್ಯ ಲಕ್ಷಣವಾಗಿರಲಿಲ್ಲ. ಆದ್ದರಿಂದ ಗುಳ್ಳೆ ನೋಡಿದ ಮೇಲೆ ದವಡೆಯ ಕೆಳಗೆ ಬೆರಳಿಟ್ಟು ನೋಡಿ. ಕೈಗವಸು ಹಾಕಿಕೊಂಡು. ಜ್ವರ ಯಾವತ್ತು ಬಂತು, ಗುಳ್ಳೆ ಯಾವತ್ತು ಎದ್ದಿತು, ಎರಡೂ ದಿನಾಂಕಗಳನ್ನು ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅವತ್ತೇ ಫೋನ್ ಮಾಡಿ. ಅವರು ನಿಮಗಿಂತ ಚಿಕ್ಕವರಾಗಿದ್ದು, ಬರೀ ಸೀತಾಳೆ ಬಿಡಿ ಎಂದರೆ, ಎದೆಯ ಮೇಲೆ ಹೆಚ್ಚಿದೆಯೋ ಅಂಗೈಯಲ್ಲಿ ಹೆಚ್ಚಿದೆಯೋ ಬಂದು ನೋಡಿ ಸರ್ ಎನ್ನಿ.